ಮಕ್ಕಳು ನಮ್ಮ ಗುರುತು ಹಿಡಿಯಲಿ

(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತಾಗಲೆಲ್ಲ ಪಗಾರದ ಮಾತು, ಬೋನಸ್ಸಿನ ಮಾತು ಆಡುವುದು ನಮ್ಮ ರೂಢಿ. ಇವತ್ತು ಅದು ಬೇಡವೆಂದು ಕಾರ್ಯದರ್ಶಿಗಳು ಮೊದಲೇ ಹೇಳಿದ್ದಾರೆ. "ಹೆಂಗಸರು ಮಕ್ಕಳು ಬರುತ್ತಾರೆ, ಮನೆಯ ಮಾತು ಆಡಿ" ಎಂದರು. ಒಪ್ಪಿಕೊಂಡೆವು. ಆದರೆ ಮನೆಯ ಮಾತು ಆಡಹೊರಟರೆ ಕೊನೆಗೆ ಅದೂ ದುಡಿಮೆಯ ಮಾತೇ ಆಗುತ್ತದೆ. ಅದಕ್ಕೆ ಅವರು ನಮ್ಮನ್ನು ಕ್ಷಮಿಸಬೇಕು.

ನಾವು ದೊಡ್ಡ ವಿದ್ವಾಂಸರಲ್ಲ. ಊರಿನ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿ, 2005ರಲ್ಲಿ ಹದಿನೈದನೆಯ ವಯಸ್ಸಿಗೆ ಕುಂದಾಪುರದ ಕಡೆಯಿಂದ ಗಾಡಿ ಹತ್ತಿ ಬಂದವರು. ಮೊದಲು ಲೋಟ ತೊಳೆದೆವು, ಆಮೇಲೆ ಮೇಜು ಒರಸಿದೆವು, ಆಮೇಲೆ ತಟ್ಟೆ ಹಿಡಿದೆವು. ಸಂಘದ ಕೆಲಸಕ್ಕೆ ಬಂದುದು ತೀರ ಇತ್ತೀಚೆಗೆ. ಆದುದರಿಂದ ಪುಸ್ತಕದ ಮಾತು ನಮ್ಮಲ್ಲಿ ಕಡಿಮೆ. ನಮ್ಮ ಮನೆಯಲ್ಲಿ ನಡೆದ ಮೂರು ಸಂಗತಿಗಳನ್ನು ಹೇಳುತ್ತೇವೆ. ನಿಮ್ಮ ಮನೆಯಲ್ಲಿಯೂ ಇಂಥವು ನಡೆದಿದ್ದರೆ ನಮ್ಮ ಮಾತು ನಿಜವೆಂದು ತಿಳಿಯಿರಿ.

ಮೊದಲನೆಯದು 2021ರಲ್ಲಿ ನಡೆದುದು. ಆಗ ನಮ್ಮ ಬಿಡಾರ ಡೊಂಬಿವಲಿಯ ಒಂದು ಚಾಳಿನಲ್ಲಿ, ಕೆಲಸ ದಾದರಿನ ಕಡೆಯ ಒಂದು ಹೋಟೆಲಿನಲ್ಲಿ. ಬೆಳಿಗ್ಗೆ ನಾಲ್ಕೂವರೆಗೆ ಮನೆ ಬಿಡಬೇಕು. ಮಧ್ಯಾಹ್ನ ಎರಡು ತಾಸು ಬಿಡುವು ಇದ್ದರೂ ಅಷ್ಟರಲ್ಲಿ ಡೊಂಬಿವಲಿಗೆ ಹೋಗಿ ಬರುವುದು ಸಾಧ್ಯವಿಲ್ಲ. ಹೋಟೆಲಿನ ಮಾಳಿಗೆಯಲ್ಲೇ ಅಡ್ಡಾಗುವುದು. ರಾತ್ರಿ ಕೊನೆಯ ಗಾಡಿ ಹಿಡಿದು ಮನೆ ಮುಟ್ಟುವಾಗ ಒಂದು ಗಂಟೆ. ನಾವು ಹೊರಡುವಾಗಲೂ ಮಗ ನಿದ್ದೆಯಲ್ಲಿ, ಬರುವಾಗಲೂ ನಿದ್ದೆಯಲ್ಲಿ. ಒಂದು ರಾತ್ರಿ ಕೆಮ್ಮಿನಿಂದ ಎಚ್ಚರವಾಗಿ ಕುಳಿತಿದ್ದ. ಮೂರು ವರ್ಷದ ಮಗು. ನಾವು ಬಾಗಿಲು ದೂಡಿ ಒಳಗೆ ಕಾಲಿಟ್ಟದ್ದೇ ತಡ, "ಅಮ್ಮಾ, ಯಾರೋ ಬಂದ್ರು" ಎಂದು ಕೂಗಿ ತಾಯಿಯ ಸೆರಗಿನೊಳಗೆ ಮುಖ ಹುಗಿದ. "ಹೆದ್ರಬೇಡ ಮಗಾ, ಅಪ್ಪಯ್ಯ ಅಲ್ದಾ" ಎಂದು ಅವಳು ಬೆನ್ನು ತಟ್ಟಿದಳು. ಅವನು ಸೆರಗಿನ ಸಂದಿಯಿಂದ ನಮ್ಮನ್ನು ನೋಡಿದ. ಹತ್ತಿರ ಬರಲಿಲ್ಲ.

ಬಂಧುಗಳೇ, ಆ ದಿವಸ ಹೋಟೆಲಿನಲ್ಲಿ ನಾವು ಎಷ್ಟು ಮಕ್ಕಳಿಗೆ ಹಾಲು ಆರಿಸಿ ಕೊಟ್ಟಿದ್ದೆವೋ ಲೆಕ್ಕವಿಲ್ಲ. ಗಿರಾಕಿಗಳ ಮಗು ಹಟ ಮಾಡಿದರೆ ಸಣ್ಣ ದೋಸೆ ಹುಯ್ಯಿಸಿ ತರುತ್ತೇವೆ, ಖಾರ ಕಡಿಮೆ ಮಾಡಿಸುತ್ತೇವೆ, ನೀರು ಚೆಲ್ಲಿದರೆ ನಗುತ್ತಾ ಒರಸುತ್ತೇವೆ. ಆ ಮಕ್ಕಳು ನಮ್ಮನ್ನು "ಅಣ್ಣಾ" ಎಂದು ಕರೆಯುತ್ತವೆ. ನಮ್ಮ ಮಗ ನಮ್ಮನ್ನು "ಯಾರೋ" ಎಂದ. ಅದರಲ್ಲಿ ಮಗುವಿನ ತಪ್ಪಿಲ್ಲ, ತಾಯಿಯ ತಪ್ಪೂ ಇಲ್ಲ. ಅದು ಕೆಲಸದ ಹೊತ್ತಿನ ತಪ್ಪು. ಅಷ್ಟೇ ಅಲ್ಲ, ಆ ಹೊತ್ತನ್ನು ಬಾಯಿ ಮುಚ್ಚಿ ಒಪ್ಪಿಕೊಂಡ ನಮ್ಮದೂ ತಪ್ಪು. ಆ ಹೋಟೆಲಿನಲ್ಲಿ ವಾರಕ್ಕೊಂದು ರಜೆ ಇತ್ತು. ರಜೆಯ ದಿನವೂ ದುಡಿದರೆ ಕೈಗೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆಂದು ನಾವೇ ಮೇಲೆ ಬಿದ್ದು ಕೆಲಸ ಮಾಡುತ್ತಿದ್ದೆವು. ಮಗನ ಭವಿಷ್ಯಕ್ಕೆಂದು ದುಡಿಯುತ್ತಿದ್ದೇವೆ ಎಂಬ ಸಮಾಧಾನ ಬೇರೆ. ಆ ಮಗನಿಗೆ ನಮ್ಮ ಮುಖವೇ ಗೊತ್ತಿರಲಿಲ್ಲ.

ನಮ್ಮ ಚಾಳಿನಲ್ಲಿ ಒಬ್ಬರು ಅಜ್ಜ ಇದ್ದಾರೆ. ವಿಜಾಪುರದ ಕಡೆಯವರು, ಪರಳದ ಒಂದು ಗಿರಣಿಯಲ್ಲಿ ಸಾಂಚೆಯ ಮೇಲೆ ದುಡಿದವರು. 1982ರ ಜನವರಿ 18ರಂದು ಶುರುವಾದ ದೊಡ್ಡ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕೆಲಸಗಾರರು ಹೊರಗೆ ಬಂದರಷ್ಟೆ. ಅವರಲ್ಲಿ ಇವರೂ ಒಬ್ಬರು. ಮತ್ತೆ ಒಳಗೆ ಹೋಗಲಿಲ್ಲ. ಆ ಅಜ್ಜ ಹೇಳುವುದುಂಟು: "ನಮ್ಮ ಪಗಾರ ಸಣ್ಣದಿತ್ತು ಖರೆ, ಆದರ ಭೋಂಗಾ ಇತ್ತು. ಮೊದಲ ಪಾಳಿಯವರು ಏಳಕ್ಕ ಒಳಗ, ಮೂರೂವರಿಗೆ ಹೊರಗ. ಅಪ್ಪ ಯಾವಾಗ ಬರ್ತಾನಂತ ಕೂಸಿಗೂ ಗೊತ್ತಿರ್ತಿತ್ತು." ಗಿರಣಿಗೆ ಹೊತ್ತಿನ ಕಟ್ಟು ತಾನಾಗಿ ಬಂದುದಲ್ಲ, ಹಿಂದಿನವರು ಹೋರಾಡಿ ತಂದುದು. ನಮ್ಮ ಹೋಟೆಲಿಗೆ ಭೋಂಗಾ ಇಲ್ಲ. ಗಿರಾಕಿ ಎದ್ದಾಗಲೇ ನಮಗೆ ಬಿಡುಗಡೆ.

ಇನ್ನು ಎರಡನೆಯ ಸಂಗತಿ. ಅದು ಸ್ವಲ್ಪ ನಗುವ ಸಂಗತಿ. ಆ ರಾತ್ರಿಯ ನಂತರ ವಾರದ ರಜೆಯನ್ನು ಬಿಡಕೂಡದೆಂದು ಗಂಡ ಹೆಂಡತಿ ಕೂಡಿ ಗೊತ್ತು ಮಾಡಿಕೊಂಡೆವು. ನಮ್ಮ ರಜೆ ಬುಧವಾರ. ಶನಿವಾರ ಭಾನುವಾರ ಹೋಟೆಲಿಗೆ ಗಿರಾಕಿಗಳ ನೂಕುನುಗ್ಗಲು. ಊರಿಗೆಲ್ಲ ರಜೆ ಇದ್ದಾಗ ನಮಗೆ ಕೆಲಸ. 2023ರ ಜನವರಿಯಲ್ಲಿ ಒಂದು ಬುಧವಾರ ಮಕ್ಕಳನ್ನು ಭಾಯಖಳದ ರಾಣಿಬಾಗಿಗೆ ಕರೆದುಕೊಂಡು ಹೊರಟೆವು. ಮಗನಿಗೆ ನಾಲ್ಕೂವರೆ, ಮಗಳು ಕಂಕುಳಲ್ಲಿ. ಮನೆಯವರು ಬೆಳಿಗ್ಗೆ ಎದ್ದು ಒಗ್ಗರಣೆ ಅವಲಕ್ಕಿ ಕಟ್ಟಿದರು, ಮಗಳಿಗೆ ಗಂಜಿ ಡಬ್ಬಿಗೆ ಹಾಕಿದರು. ಐದು ವರ್ಷದೊಳಗಿನ ಮಕ್ಕಳಿಗೆ ಲೋಕಲ್ ಗಾಡಿಯಲ್ಲಿ ಟಿಕೇಟು ಬೇಕಿಲ್ಲವಾದ್ದರಿಂದ ಖರ್ಚು ನಮ್ಮಿಬ್ಬರದೇ. ಮಗ ದಾರಿಯುದ್ದಕ್ಕೂ ಪೆಂಗ್ವಿನ್ ಹಕ್ಕಿಯದೇ ಮಾತು. 2017ರಿಂದ ಅಲ್ಲಿ ತಣ್ಣನೆಯ ಕೋಣೆಯಲ್ಲಿ ಆ ಹಕ್ಕಿಗಳನ್ನು ಜನರ ನೋಟಕ್ಕೆ ಇಟ್ಟಿರುವುದು ನಿಮಗೆ ಗೊತ್ತೇ ಇದೆ.

ಗೇಟಿನ ಮುಂದೆ ಹೋಗಿ ನಿಂತರೆ ಗೇಟು ಬಂದ್! ರಾಣಿಬಾಗಿಗೆ ವಾರದ ರಜೆ ಬುಧವಾರವೇ. ಇಷ್ಟು ವರ್ಷ ಮುಂಬಯಿಯಲ್ಲಿದ್ದು ನಮಗೆ ಅಷ್ಟೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಈ ಊರಿನಲ್ಲಿ ನಾವು ನೋಡಿದ್ದು ಹೋಟೆಲು, ಗಾಡಿ, ಹಾಸಿಗೆ. ಮಗ ಗೇಟಿನ ಸರಳು ಹಿಡಿದು ಅಳಲಿಕ್ಕೆ ಶುರು ಮಾಡಿದ. ಅವನನ್ನು ನೋಡಿ ಮಗಳೂ ಅತ್ತಳು. ಪಾದಚಾರಿಗಳ ದಾರಿಯ ಬದಿಯಲ್ಲಿ ಕುಳಿತು ಅವಲಕ್ಕಿ ಬಿಚ್ಚಿದೆವು. ಹೊಟ್ಟೆಗೆ ಬಿದ್ದ ಮೇಲೆ ಅಳು ನಿಂತಿತು. ಆಮೇಲೆ ಬಸ್ಸು ಹಿಡಿದು ಗಿರಗಾಂವದ ಚೌಪಾಟಿಗೆ ಹೋದೆವು. ಮಗ ಮರಳಿನಲ್ಲಿ ಹೊಂಡ ತೋಡಿದ, ಅಲೆ ಬಂದು ಮುಚ್ಚಿತು, ಮತ್ತೆ ತೋಡಿದ. ಬಹಳ ಹೊತ್ತಾದ ಮೇಲೆ ನಮ್ಮನ್ನು ಕೇಳಿದ: "ಅಪ್ಪಯ್ಯಾ, ಸಮುದ್ರಕ್ಕೆ ಬುಧವಾರ ರಜೆ ಇಲ್ವಾ?" ಇಲ್ಲ ಮಗಾ, ಸಮುದ್ರಕ್ಕೆ ಯಾವ ದಿನವೂ ರಜೆ ಇಲ್ಲ ಎಂದೆವು. "ಹಾಗಾದ್ರೆ ಅದೂ ಹೋಟೆಲಿನಲ್ಲಿ ಕೆಲಸ ಮಾಡುತ್ತಾ?" ಎಂದ. ನಮ್ಮ ಮನೆಯವರು ನಕ್ಕುಬಿಟ್ಟರು. ನಮಗೂ ನಗು ಬಂತು, ಆದರೆ ಪೂರ್ತಿ ಬರಲಿಲ್ಲ.

ಮಾರನೆಯ ತಿಂಗಳು ಇನ್ನೊಬ್ಬ ಸಪ್ಲಾಯರರೊಡನೆ ರಜೆ ಬದಲಿಸಿಕೊಂಡು ಗುರುವಾರ ಹೋದೆವು. 2017ರಲ್ಲಿ ಗೊತ್ತು ಮಾಡಿದ ದರದಂತೆ ಗಂಡ ಹೆಂಡತಿ ಇಬ್ಬರು ಮಕ್ಕಳು ಕೂಡಿದ ಕುಟುಂಬಕ್ಕೆ ನೂರು ರೂಪಾಯಿ. ಪೆಂಗ್ವಿನ್ ಹಕ್ಕಿಗಳನ್ನು ಕಂಡೆವು. ಆ ಹಕ್ಕಿಗಳಲ್ಲಿ ಮೊಟ್ಟೆಗೆ ಕಾವು ಕೊಡುವ ಕೆಲಸ ತಾಯಿಯೊಬ್ಬಳದೇ ಅಲ್ಲ. ಗಂಡು ಹೆಣ್ಣು ಪಾಳಿಯಲ್ಲಿ ಕೂಡುತ್ತವೆ. ಒಂದು ತಿಂದು ಬರುವತನಕ ಇನ್ನೊಂದು ಮೊಟ್ಟೆ ಬಿಟ್ಟು ಏಳುವುದಿಲ್ಲ. ಇದನ್ನು ಹೇಳಿದಾಗ ನಮ್ಮ ಮನೆಯವರು, "ಕಾಣಿ, ಹಕ್ಕಿಯಲ್ಲೂ ಪಾಳಿ ಉಂಟು" ಎಂದು ನಮ್ಮ ಕಡೆ ನೋಡಿದರು. ನಾವು ಉತ್ತರ ಕೊಡಲಿಲ್ಲ. ಕಂಕುಳಿನ ಮಗಳನ್ನು ಇಸಿದುಕೊಂಡೆವು.

ತಿರುಗಾಟವೆಂದರೆ ಶ್ರೀಮಂತರ ಸೊಕ್ಕು ಎಂದು ತಿಳಿಯಬಾರದು. ಮನೆಯ ಬುತ್ತಿ, ಒಂದು ಬಾಟಲಿ ಕುದಿಸಿ ಆರಿಸಿದ ನೀರು, ಒಂದು ಟವಲು ಇದ್ದರೆ ಸಾಕು. ರಾಣಿಬಾಗಿಗೆ ಬುಧವಾರ ಹೋಗಬೇಡಿ. ಸಮುದ್ರಕ್ಕೆ ಯಾವಾಗ ಬೇಕಾದರೂ ಹೋಗಿ, ಅಲ್ಲಿ ಟಿಕೇಟೂ ಇಲ್ಲ. ಮಳೆಗಾಲದಲ್ಲಿ ಮಾತ್ರ ಮಕ್ಕಳನ್ನು ನೀರಿಗೆ ಬಿಡಬೇಡಿ. ಮಗುವಿಗೆ ಬೇಕಾದುದು ಆನೆಯೂ ಅಲ್ಲ, ಹುಲಿಯೂ ಅಲ್ಲ. ಒಂದು ಇಡೀ ದಿವಸ ಅಪ್ಪನ ಹೆಗಲು ಬೇಕು. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದವರೂ ಇಲ್ಲಿ ಬಹಳ ಜನ ಇದ್ದೀರಿ. ನಿಮ್ಮ ಕಷ್ಟ ನಮ್ಮದಕ್ಕಿಂತ ದೊಡ್ಡದು. ಆದರೂ ದಿನಕ್ಕೊಂದು ಹೊತ್ತು ಗೊತ್ತು ಮಾಡಿ, ಮಧ್ಯಾಹ್ನದ ಬಿಡುವಿನಲ್ಲಿ ಫೋನು ಮಾಡಿ. ಹಣ ಬಂತೇ ಎಂದು ಕೇಳುವ ಮೊದಲು ಮಗು ಏನು ತಿಂದಿತು, ಯಾರೊಡನೆ ಆಡಿತು ಎಂದು ಕೇಳಿ.

ಮೂರನೆಯ ಸಂಗತಿ ಹೇಳುವಾಗ ನಮಗೆ ಈಗಲೂ ಗಂಟಲು ಕಟ್ಟುತ್ತದೆ. ಅದೇ 2023ರ ಜುಲೈ, ಜೋರು ಮಳೆ. ಮಗಳಿಗೆ ಇಪ್ಪತ್ತು ತಿಂಗಳು. ಬೆಳಿಗ್ಗೆ ಎರಡು ಸಲ ಭೇದಿಯಾಗಿತ್ತು. ಹಲ್ಲು ಬರುವ ಕಾಲ, ಹೀಗೆಯೇ ಎಂದುಕೊಂಡು ನಾವು ಕೆಲಸಕ್ಕೆ ಹೊರಟೆವು. ಹತ್ತು ಗಂಟೆಯೊಳಗೆ ಆರು ಸಲವಾಯಿತು, ವಾಂತಿಯೂ ಶುರುವಾಯಿತು. ಮನೆಯವರು ಫೋನು ಮಾಡಿದರು. ನಮ್ಮ ಹೋಟೆಲಿನಲ್ಲಿ ಕೆಲಸದ ಹೊತ್ತು ಫೋನುಗಳನ್ನು ಗಲ್ಲಾದ ಕೆಳಗಿನ ಪೆಟ್ಟಿಗೆಯಲ್ಲಿ ಇಡಬೇಕೆಂಬ ನಿಯಮ. ಫೋನು ಪೆಟ್ಟಿಗೆಯಲ್ಲೇ ಕೂಗಿ ಕೂಗಿ ಸುಮ್ಮನಾಯಿತು. ಕೊನೆಗೆ ಅವರು ಹೋಟೆಲಿನ ನಂಬರಿಗೇ ಮಾಡಿದರು. ಗಲ್ಲಾದಲ್ಲಿದ್ದವರು ಸಂಗತಿ ತಿಳಿದು, "ಊಟದ ರಶ್ ಮುಗಿಯಲಿ, ಹೇಳೋಣ" ಎಂದು ಇಟ್ಟುಬಿಟ್ಟರು. ನಮಗೆ ತಿಳಿದುದು ಮೂರು ಗಂಟೆಗೆ. ಆ ದಿವಸ ನಾವು ಹನ್ನೊಂದರಿಂದ ಮೂರರವರೆಗೆ ನಗುನಗುತ್ತಾ ಊಟ ಬಡಿಸಿದ್ದೆವು.

ಇತ್ತ ಮನೆಯಲ್ಲಿ ಇನ್ನೊಂದು ತಪ್ಪು ನಡೆದಿತ್ತು. ನೀರು ಕುಡಿಸಿದರೆ ಭೇದಿ ಹೆಚ್ಚುತ್ತದೆಂದು ನಮ್ಮ ಕಡೆ ಹಿಂದಿನಿಂದ ಒಂದು ನಂಬಿಕೆ. ಅದನ್ನೇ ಹಿಡಿದು ಮನೆಯವರು ಮಗುವಿಗೆ ನೀರು ನಿಲ್ಲಿಸಿದ್ದರು. ಮಗುವಿನ ಕಣ್ಣು ಒಳಗೆ ಹೋಗಿತ್ತು, ಅಳುವಿಗೆ ಕಣ್ಣೀರು ಬರುತ್ತಿರಲಿಲ್ಲ. ಆಗ ಒಳಗೆ ಬಂದವರು ಗಿರಣಿ ಅಜ್ಜನ ಹೆಂಡತಿ. "ಯವ್ವಾ, ಕೂಸಿಗೆ ನೀರ ಬಂದ್ ಮಾಡಬ್ಯಾಡ. ಬಳ್ಳಿಗೆ ನೀರ ತಪ್ಪಿಸಿದ್ರ ಬದುಕತೈತೇನ?" ಎಂದು ಗದರಿಸಿ, ಮೊಮ್ಮಗನನ್ನು ಅಂಗಡಿಗೆ ಓಡಿಸಿ, ಓ.ಆರ್.ಎಸ್. ಪುಡಿ ತರಿಸಿ, ಚಮಚದಲ್ಲಿ ಕುಡಿಸಲು ಕುಳಿತರು. ನಾವು ಬರುವ ಹೊತ್ತಿಗೆ ಇಬ್ಬರೂ ಹೆಂಗಸರು ಮಗುವನ್ನು ಸರಕಾರಿ ದವಾಖಾನೆಗೆ ಮುಟ್ಟಿಸಿ ಆಗಿತ್ತು. ಅಲ್ಲಿಯ ಡಾಕ್ಟರಮ್ಮ ಹೇಳಿದರು: "ನೀರು ಕುಡಿಸಿದ್ದರಿಂದ ಒಳ್ಳೆಯದಾಯಿತು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು." ಎರಡು ದಿವಸದಲ್ಲಿ ಮಗು ಆಡತೊಡಗಿತು.

ತಾಯಂದಿರೇ, ಆ ಡಾಕ್ಟರಮ್ಮ ಕಲಿಸಿದ್ದನ್ನು ನಿಮಗೂ ಹೇಳುತ್ತೇವೆ, ಅಪ್ಪಂದಿರೂ ಕೇಳಿ. ಭೇದಿಯಲ್ಲಿ ಮಗು ಸಾಯುವುದು ಮೈಯ ನೀರು, ಉಪ್ಪು ಹೋಗಿ. ಆದುದರಿಂದ ಹೋದಷ್ಟನ್ನು ತುಂಬಬೇಕು. ಓ.ಆರ್.ಎಸ್. ಪುಡಿ ದೊಡ್ಡ ಪೊಟ್ಟಣದ್ದಾದರೆ ಒಂದು ಲೀಟರ್ ಶುದ್ಧ ನೀರಿಗೆ, ಸಣ್ಣದಾದರೆ 200 ಮಿಲಿಲೀಟರಿಗೆ. ಪೊಟ್ಟಣದ ಮೇಲೆ ಬರೆದಿರುತ್ತದೆ, ಓದಿ ಕಲಸಿ. ಪುಡಿ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಚಮಚ ಮಟ್ಟಸವಾಗಿರಬೇಕು. ಉಪ್ಪು ಹೆಚ್ಚಾಗಕೂಡದು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್, ಅಂದರೆ ಸುಮಾರು ನಮ್ಮ ಒಂದು ಕಟಿಂಗ್ ಚಹಾದ ಗ್ಲಾಸಿನಷ್ಟು. ದೊಡ್ಡ ಮಕ್ಕಳಿಗೆ ಅದರ ಎರಡರಷ್ಟು. ಚಮಚ ಚಮಚವಾಗಿ ಕುಡಿಸಿ. ವಾಂತಿ ಮಾಡಿದರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನವಾಗಿ ಕೊಡಿ. ಕಲಸಿದ ನೀರನ್ನು 24 ಗಂಟೆಯ ಮೇಲೆ ಇಡಬೇಡಿ. ಎದೆಹಾಲು, ಗಂಜಿ ನಿಲ್ಲಿಸಬೇಡಿ. ಡಾಕ್ಟರು ಸತುವಿನ ಗುಳಿಗೆ ಬರೆದುಕೊಟ್ಟರೆ, ಭೇದಿ ನಿಂತರೂ ಹದಿನಾಲ್ಕು ದಿವಸ ಪೂರ್ತಿ ಕೊಡಿ. ಕಣ್ಣು ಒಳಗೆ ಹೋದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಮಗು ಕುಡಿಯಲಾರದೆ ಮಂಪರಿನಲ್ಲಿ ಬಿದ್ದಿದ್ದರೆ ರಶ್ ಮುಗಿಯಲೆಂದು ಕಾಯಬೇಡಿ, ಕೂಡಲೆ ದವಾಖಾನೆಗೆ ಓಡಿ.

ಈ ಉಪ್ಪು ಸಕ್ಕರೆಯ ನೀರು ಬಡವರ ಬಿಡಾರದಲ್ಲಿಯೇ ತನ್ನ ಶಕ್ತಿ ತೋರಿಸಿತು ಎಂದರೆ ನಿಮಗೆ ಸಂತೋಷವಾಗಬಹುದು. 1971ರಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರು ಲಕ್ಷಗಟ್ಟಲೆ ಬಂದಾಗ ಬನಗಾಂವದ ಶಿಬಿರದಲ್ಲಿ ಕಾಲರಾ ಎದ್ದಿತು. ಸೂಜಿಯಿಂದ ಕೊಡುವ ಸಲಾಯಿನ್ ಮುಗಿಯುತ್ತ ಬಂತು. ಡಾ. ದಿಲೀಪ್ ಮಹಾಲನಬೀಸ್ ಎಂಬವರು ಉಪ್ಪು, ಗ್ಲೂಕೋಸು ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸಾಯುವವರ ಪ್ರಮಾಣ ನೂರಕ್ಕೆ ಸುಮಾರು ಮೂವತ್ತರಿಂದ ನಾಲ್ಕರ ಒಳಗೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡರು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು. ಡಾಕ್ಟರಲ್ಲದವರ ಕೈ ಕೂಡ ಜೀವ ಉಳಿಸಬಲ್ಲದೆಂದು ಅವರು ತೋರಿಸಿದರು. ನಮ್ಮ ಖೋಲಿಯಲ್ಲಿ ಗಿರಣಿ ಅಜ್ಜಿಯ ಕೈ ಅದೇ ಕೆಲಸ ಮಾಡಿತು.

ಇನ್ನೆರಡು ಎಚ್ಚರಿಕೆ. ಮಗು ಕೆಮ್ಮಿತೆಂದು ಕಂಡ ಅಂಗಡಿಯಿಂದ ಕೆಮ್ಮಿನ ಸಿರಪ್ ತಂದು ಹಾಕಬೇಡಿ. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾ ಕಡೆ ವಿಷ ಬೆರೆತ ಸಿರಪ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧ ಕೊಡಲೇಬಾರದೆಂದು ಆಗ ಕೇಂದ್ರ ಸರಕಾರ ಸೂಚನೆ ಹೊರಡಿಸಿತು. ಎರಡನೆಯದು, ಲಸಿಕೆಯ ಪುಸ್ತಕ. 2022ರಲ್ಲಿ ಇದೇ ಮುಂಬಯಿಯಲ್ಲಿ ದಡಾರ ಹಬ್ಬಿ ಮಕ್ಕಳು ತೀರಿಹೋದವು. ದಡಾರದ ಲಸಿಕೆ ಒಂಬತ್ತು ತಿಂಗಳು ತುಂಬಿದಾಗ ಒಂದು, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಇನ್ನೊಂದು. ನಮ್ಮ ಮಕ್ಕಳು ನಾಲ್ಕು ತಿಂಗಳು ಊರು, ಎಂಟು ತಿಂಗಳು ಇಲ್ಲಿ. ಅಲ್ಲಿ ಹಾಕಿಸಿದರೆಂದು ಇಲ್ಲಿ ಬಿಡುವುದು, ಇಲ್ಲಿ ಹಾಕಿಸಿದರೆಂದು ಅಲ್ಲಿ ಬಿಡುವುದು, ಹೀಗೆ ಸರದಿ ತಪ್ಪುತ್ತದೆ. ಊರಿಗೆ ಹೋಗುವಾಗ ಗಾಡಿಯ ಟಿಕೇಟಿನ ಜೊತೆಗೆ ಆ ಪುಸ್ತಕವನ್ನೂ ಇಟ್ಟುಕೊಳ್ಳಿ.

ಬಂಧುಗಳೇ, ಇಷ್ಟು ಕೇಳಿ ಯಾರಾದರೂ, "ಇದೆಲ್ಲ ಸರಿ, ರಜೆ ಯಾರು ಕೊಡುತ್ತಾರೆ, ಡಾಕ್ಟರ ಖರ್ಚು ಯಾರು ಕೊಡುತ್ತಾರೆ?" ಎಂದು ಕೇಳಬಹುದು. ಕಾರ್ಯದರ್ಶಿಗಳ ಅಪ್ಪಣೆ ಮೀರಿ ಈಗ ಕಾಯಿದೆಯ ಮಾತು ಬರುತ್ತದೆ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯಲ್ಲಿ ವಾರಕ್ಕೊಂದು ಇಡೀ ದಿವಸದ ರಜೆ ಬರೆದಿದೆ. ವರ್ಷಕ್ಕೆ ಎಂಟು ದಿವಸ ಪಗಾರ ಸಹಿತ ಸಾಂದರ್ಭಿಕ ರಜೆಯನ್ನೂ ಬರೆದಿದೆ. ಮಗುವಿನ ಜ್ವರಕ್ಕೆ ತೆಗೆದುಕೊಳ್ಳಲಿಕ್ಕೆ ಅದಕ್ಕಿಂತ ಯೋಗ್ಯವಾದ ಸಂದರ್ಭ ಯಾವುದು? ಅದು ಧಣಿಗಳ ದಾನವಲ್ಲ. ವರ್ಷದ ಕೊನೆಗೆ ತೆಗೆದುಕೊಳ್ಳದೆ ಉಳಿದ ದಿವಸ ಹೋಗಿಯೇ ಬಿಡುತ್ತದೆ. ನಿಮ್ಮ ಹೋಟೆಲಿಗೆ ಈ ಕಾಯಿದೆ ಹೇಗೆ ಅನ್ವಯವಾಗುತ್ತದೆಂದು ಸಂಘದ ಕಚೇರಿಗೆ ಬಂದು ಕೇಳಿ, ಒಟ್ಟಿಗೆ ಕುಳಿತು ನೋಡೋಣ.

ಇನ್ನು ಇ.ಎಸ್.ಐ. 2019ರ ಜುಲೈಯಲ್ಲಿ ಗೊತ್ತು ಮಾಡಿದ ದರದಂತೆ ಕೆಲಸಗಾರನಿಂದ ನೂರಕ್ಕೆ ಮುಕ್ಕಾಲು ರೂಪಾಯಿ, ಧಣಿಯಿಂದ ಮೂರೂಕಾಲು ರೂಪಾಯಿ. ಅಂದರೆ 16,000 ರೂಪಾಯಿ ಪಗಾರವಿದ್ದವನಿಂದ 120, ಧಣಿಯಿಂದ 520. ಇದರಲ್ಲಿ ಔಷಧೋಪಚಾರ ನಮಗೊಬ್ಬರಿಗೇ ಅಲ್ಲ, ಹೆಂಡತಿ ಮಕ್ಕಳಿಗೂ ಉಂಟು. ಆದರೆ ಮಕ್ಕಳ ಹೆಸರು ಸೇರಿಸಿರಬೇಕು. ನಮ್ಮ ಪಗಾರದಿಂದ ಹಣ ಕಡಿಯುತ್ತಿದ್ದರೂ ಮಗಳ ಹೆಸರು ಸೇರಿಸದೆ ನಾವೇ ಸೋಮಾರಿತನ ಮಾಡಿದ್ದೆವು. ಕಾಯಿಲೆಯ ದಿವಸ ಹೆಸರು ಬರೆಸಲಿಕ್ಕೆ ಹೊತ್ತಿರುವುದಿಲ್ಲ. ನಾಳೆಯೇ ನೋಡಿಕೊಳ್ಳಿ.

ಮಗಳ ಕಾಯಿಲೆ ಕಳೆದ ಮೇಲೆ ನಾವು ಆ ಹೋಟೆಲಿನ ಹದಿನೆಂಟು ಮಂದಿ ಕೂಡಿ ಮಾಲಕರ ಮುಂದೆ ನಿಂತೆವು. ಪಗಾರ ಹೆಚ್ಚು ಕೇಳಲಿಲ್ಲ. "ಮನೆಯಿಂದ ಮಗುವಿನ ಕಾಯಿಲೆಯ ಸುದ್ದಿ ಬಂದರೆ ಆ ಕ್ಷಣವೇ ಹೇಳಬೇಕು" ಎಂಬ ಒಂದೇ ಮಾತು ಕೇಳಿದೆವು. ಮಾಲಕರು ತುಸು ಹೊತ್ತು ಸುಮ್ಮನಿದ್ದರು. ಅವರಿಗೂ ಮಕ್ಕಳಿದ್ದಾರೆ. ಒಪ್ಪಿಕೊಂಡರು. ನಾವು ಸಂಘದ ಕೆಲಸಕ್ಕೆ ಬಂದುದು ಆ ದಿವಸದಿಂದ. ಅದೇ ಬೇಡಿಕೆಯನ್ನು ಎಲ್ಲ ಹೋಟೆಲುಗಳ ಮುಂದೆಯೂ ಸಂಘ ಇಡಬೇಕೆಂದು ಈ ಸಭೆಯಲ್ಲಿ ಕೇಳಿಕೊಳ್ಳುತ್ತೇವೆ. ಫೋನು ಪೆಟ್ಟಿಗೆಯಲ್ಲಿರಲಿ, ಅಡ್ಡಿಯಿಲ್ಲ. ಸುದ್ದಿ ಪೆಟ್ಟಿಗೆಯಲ್ಲಿ ಇರಕೂಡದು.

ನಮ್ಮ ಮಾತು ಮುಗಿಯಿತು. ಇವತ್ತು ಈ ಕೂಟಕ್ಕೆ ಬಂದ ಮಕ್ಕಳಿಗೆ ಬಡಿಸುವವರು ಅವರ ಅಪ್ಪಂದಿರೇ ಆಗಲೆಂದು ನಮ್ಮ ಆಸೆ. ದಿನಾಲೂ ಊರವರ ಮಕ್ಕಳಿಗೆ ಬಡಿಸುವ ಕೈ ಇಂದೊಂದು ಹೊತ್ತು ತನ್ನ ಮಕ್ಕಳಿಗೆ ಬಡಿಸಲಿ. ನಮ್ಮ ಮಗ ಅಲ್ಲಿ ಮೂರನೆಯ ಸಾಲಿನಲ್ಲಿ ಕುಳಿತಿದ್ದಾನೆ. ನಾವು ವೇದಿಕೆ ಹತ್ತುವಾಗ ಪಕ್ಕದ ಹುಡುಗನಿಗೆ, "ಅದು ನನ್ನ ಅಪ್ಪಯ್ಯ" ಎಂದು ತೋರಿಸಿದ. ನಮಗೆ ಅಷ್ಟು ಸಾಕು.